ಚಾವಿ

ಇಕೊವಾರಾಸಿಯ ದೋಣಿಕಟ್ಟೆಯ ಹಿಂದೆ
ಮೋಟಾರು ರಿಪೇರಿ ಅಂಗಡಿಯ ಅಟ್ಟದ ಮೇಲೆ
ನಮ್ಮ ಗರಡಿ.
ಮಟ್ಟಿ ಇಲ್ಲ, ನೀಲಿ ಮ್ಯಾಟು. ಹರಿದಲ್ಲಿ
ದೋಣಿಯ ಟಾರ್ಪಾಲಿನ ತೇಪೆ.
ಕೆಳಗಿಂದ ಡೀಸೆಲ್ ವಾಸನೆ, ನನ್ನ ಬೆರಳಿಂದ ಮೀನಿನದು.
ಇಲ್ಲಿ ಯಾರೂ ಮೂಗು ಮುಚ್ಚುವುದಿಲ್ಲ.

ಬೆನೆವೆನುಟೊ ಮೇಸ್ತ್ರಿಗೆ ಅರವತ್ತೊಂದು.
ನೆಲಕ್ಕೆ ಬೆನ್ನು ಕೊಟ್ಟು ಮಲಗುತ್ತಾರೆ, ಸಂಜೆಯ ಜೋಲಿಗೆ ಒರಗಿದ ಹಾಗೆ.
ಎರಡೂ ಕಾಲು ನನ್ನ ಸೊಂಟಕ್ಕೆ ಸುತ್ತಿ
ಪಾದಕ್ಕೆ ಪಾದ ಹೆಣೆದು
"ಬಾ ಲುಸಿಡೇಯಾ" ಅನ್ನುತ್ತಾರೆ, "ಮನೆ ತೆರೆದೇ ಇದೆ."

ಅಂಗಾತ ಬಿದ್ದವನು ಸೋತವನು ಎಂದು
ನನ್ನಣ್ಣ ಇನ್ನೂ ವಾದಿಸುತ್ತಾನೆ.
ಈ ಕಾಲುಗಳ ನಡುವೆ ಅವನು ಒಂದು ನಿಮಿಷ ಇದ್ದು ನೋಡಬೇಕು.

ಮೊದಲು ಏಳಬೇಕು. ಬೆನ್ನು ನೆಟ್ಟಗೆ,
ಒಂದು ಕೈ ಅವರ ಎದೆಬಟ್ಟೆಗೆ, ಇನ್ನೊಂದು ಮಂಡಿಗೆ,
ಹೆಣೆದ ಪಾದ ಬಿಚ್ಚುವವರೆಗೆ
ತುಂಬಿದ ಬುಟ್ಟಿ ಹೊತ್ತವಳಂತೆ ನಿಂತಿರಬೇಕು.
ಬಿಚ್ಚಿತು ಅಂದುಕೊಂಡೆ,
ಹಿಮ್ಮಡಿಯ ಹಿಂದಿಂದ ಒಂದು ಕೊಕ್ಕೆ ಬಂತು.
ಕೊಕ್ಕೆ ಬಿಡಿಸಿದೆ, ಅಂಗಾಲು ನನ್ನ ಸೊಂಟದಲ್ಲಿ.
ಅಂಗಾಲು ತಳ್ಳಿದೆ, ಮೊಣಕಾಲು ಅಡ್ಡ.
ಈ ಮನೆಗೆ ಬಾಗಿಲ ಹಿಂದೆ ಬಾಗಿಲು.

ಕಾಲು ಹಿಡಿಯುವುದೆಂದರೆ ಬೇಡುವುದು, ಬೇರೆ ಕಡೆ.
ಇಲ್ಲಿ ಪ್ಯಾಂಟಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು
ನೆಲಕ್ಕೆ ಹೊಲಿದೆ.
ಎಡಕ್ಕೆ ಹೋಗುವ ಹಾಗೆ ಮಾಡಿ, ಅವರು ನಂಬಿದ ಗಳಿಗೆಗೆ
ಬಲಮಂಡಿಯನ್ನು ತೊಡೆಯ ಮೇಲೆ ಓರೆಯಾಗಿ ಇಳಿಸಿದೆ,
ಮೀನಿನ ಹೊಟ್ಟೆ ಸೀಳುವ ಚೂರಿಗೆ ಕೊಡುವಷ್ಟೇ ಭಾರ ಕೊಟ್ಟು.
ಅರ್ಧ ದಾಟಿದೆ. ಉಳಿದರ್ಧ
ಅವರ ತೊಡೆಗಳ ನಡುವೆ ಸಿಕ್ಕ ನನ್ನ ಪಾದ.
ಭುಜವನ್ನು ಅವರ ದವಡೆಗೆ ಒತ್ತಿ ಕಾದೆ.
ಮುಖ ಆಚೆ ತಿರುಗಿದರೆ ಸೊಂಟವೂ ತಿರುಗುತ್ತದೆ,
ಸೊಂಟ ತಿರುಗಿದರೆ ಪಾದ ತಾನೇ ಬರುತ್ತದೆ.
ಬಂತು.

ಆಮೇಲೆ ಎಲ್ಲ ಬೇಗ.
ಹೊಟ್ಟೆಯ ಮೇಲೆ ಮಂಡಿ. ಮಂಡಿ ತಳ್ಳಲು ಅವರು ಕೈ ಚಾಚಿದರು.
ಚಾಚಿದ ಕೈ ನನ್ನದು.
ತಲೆ ಬಳಸಿ ಸುತ್ತಿ, ಕಾಲನ್ನು ಮುಖದ ಮೇಲೆ ಹಾಯಿಸಿ, ಕೂತು, ಮಲಗಿ,
ಹೆಬ್ಬೆರಳು ಮೇಲಾಗಿ ಅವರ ತೋಳು ನನ್ನೆದೆಗೆ.
ಇದಕ್ಕೆ ನಮ್ಮಲ್ಲಿ ಚಾವಿ ಅನ್ನುತ್ತಾರೆ.
ತಿರುಗಿಸುವುದಷ್ಟೇ ಬಾಕಿ.

ಆಗ ತಾಗಿತು ಆ ಗಂಟು.
ದೋಣಿಯ ಹಗ್ಗ ತುಂಡಾದ ವರ್ಷ ಮುರಿದು
ಸೊಟ್ಟಗೆ ಕೂಡಿಕೊಂಡ ಮೊಣಕೈ,
ಬಟ್ಟೆಯೊಳಗೆ ಗೋಲಿಯಷ್ಟು.
ನೋವಿಗೆ ಮೊದಲು ಮೂಳೆ ಒಂದು ಸಣ್ಣ ಸದ್ದು ಮಾಡುತ್ತದೆ,
ಕಿವಿಗೆ ಕೇಳಿಸುವುದಿಲ್ಲ, ಹಿಡಿದವಳ ತೊಡೆಗೆ ಗೊತ್ತಾಗುತ್ತದೆ.
ಮೇಸ್ತ್ರಿ ತಟ್ಟಲಿಲ್ಲ.
ಅವರದೂ ಪಟ್ಟು, ನನ್ನದೂ ಪಟ್ಟು.
ಸಡಿಲಿಸಿದ್ದು ನಾನೇ.
ಮಂಡಿಗಳು ಒಂದಿಷ್ಟು ಬೇರೆಯಾದವು, ಗಾಳಿ ನುಗ್ಗುವಷ್ಟು.

ಗಾಳಿಯಲ್ಲ, ಮೇಸ್ತ್ರಿ ನುಗ್ಗಿದರು.
ಮೊಣಕೈ ಜಾರಿ, ತಲೆ ಎದ್ದು, ಎದೆ ನನ್ನ ಮೇಲೆ,
ನನ್ನದೇ ಕಾಲರು ನನ್ನದೇ ಕತ್ತಿಗೆ, ಎರಡು ಕಡೆಯಿಂದ.
ಬಲ್ಬು ದೂರ ಹೋಯಿತು.
ಕೆಳಗಿನ ಮೋಟಾರು ನೀರೊಳಗೆ ಓಡಿದಂತೆ.
ತಟ್ಟಿದೆ, ಮೂರು ಸಲ.
ತಟ್ಟಿದ ಕೂಡಲೇ ತೆರೆಯುವ ಬಾಗಿಲು ನಾನು ಕಂಡದ್ದು ಇದೊಂದೇ.

"ಯಾಕೆ ಬಿಟ್ಟೆ?"
"ಮೊಣಕೈ, ಮೇಸ್ತ್ರಿ..."
ನೀರು ಕುಡಿದರು. ಬಾಟಲಿಯ ಮುಚ್ಚಳ ಹುಡುಕಿದರು, ಸಿಗಲಿಲ್ಲ.
"ಬಿಟ್ಟದ್ದು ಸರಿ. ನಾಳೆ ಎಂಜಿನ್ ಬಿಚ್ಚುವುದಿದೆ ನನಗೆ.
ಆದರೆ ಬಿಡುವ ಕೈ ಎಲ್ಲಿಗೆ ಹೊರಟಿದೆ ಅಂತ
ಬಿಡುವ ಮೊದಲೇ ಗೊತ್ತಿರಬೇಕು.
ತಿರುಗುವಾಗ ನನ್ನ ಬೆನ್ನು ನಿನ್ನ ಕಡೆಗೇ ಇತ್ತಲ್ಲ, ಖಾಲಿ.
ಕರುಣೆಗೂ ಮಂಡಿ ಬಿಗಿ ಇರಬೇಕು, ಹುಡುಗಿ."
ಮೂವತ್ತೊಂಬತ್ತು ನನಗೆ. ಹುಡುಗಿ ಅನ್ನುವವರು ಇವರೊಬ್ಬರೇ.

ತೋಳಿನಿಂದ ಬೆನ್ನಿಗೆ, ತೋಳಿನಿಂದ ಬೆನ್ನಿಗೆ.
ರಾತ್ರಿಯಿಡೀ ಜೋಲಿಯಲ್ಲಿ
ಕತ್ತಲಿಗೆ ಕಾಲು ಹಾಕಿ ಅದನ್ನೇ ಮಾಡಿದೆ.

ಬೆಳಗಿನ ನಾಲ್ಕೂವರೆ. ಕಟ್ಟೆಯ ಮೇಲೆ ನನ್ನ ಹಲಗೆ.
ತಂಬಾಕಿ ಮೀನು, ಏಳು ಕಿಲೋ, ಇನ್ನೂ ಜೀವ ಇತ್ತು.
ಕಿವಿರಿಗೆ ಬೆರಳು, ಬೆನ್ನಿಗೆ ಮೊಣಕೈ, ಚೂರಿ ಬಲಗೈಯಲ್ಲಿ.
ಅದು ಬಾಲದಿಂದ ಹಲಗೆ ತಟ್ಟಿತು.
ಒಂದು, ಎರಡು,
ಮೂರು.
ನನ್ನ ಕೈ ಬಿಟ್ಟಿತು, ನನ್ನನ್ನು ಕೇಳದೆ.

ಗಿರಾಕಿ ಹೆಂಗಸು ಕೈಚೀಲ ಅಗಲಿಸಿ ನಿಂತಿದ್ದಾಳೆ.
ಮೀನು ಕಟ್ಟೆಯಂಚಿಗೆ ಜಾರುತ್ತಿದೆ.
ಅದಕ್ಕೆ ಗೊತ್ತು, ಎಲ್ಲಿಗೆಂದು.